ಮಾರಾಟಕ್ಕೂ ಮುಂಚೆ: ಪತ್ರಿಕೆಯ ಮಾಲೀಕರನ್ನು ದಾಖಲೆಯಲ್ಲಿ ಹುಡುಕುವುದು, ಸಂಘದ ಒಪ್ಪಂದ ಬರೆಸುವುದು ಹೇಗೆ

ಪತ್ರಿಕೆಯೊಂದು ಕೈ ಬದಲಾಯಿಸಿದ ಸುದ್ದಿ ಎಲ್ಲರಿಗಿಂತ ಕೊನೆಗೆ ತಿಳಿಯುವುದು ಅಲ್ಲೇ ಕೆಲಸ ಮಾಡುವವರಿಗೆ. ಅಷ್ಟು ಹೊತ್ತಿಗೆ ಕಾಗದಗಳಿಗೆ ಸಹಿ ಬಿದ್ದಿರುತ್ತದೆ. ಮಾರಾಟವನ್ನು ತಡೆಯುವ ಅಧಿಕಾರವನ್ನು ನಮ್ಮ ದೇಶದ ಯಾವ ಕಾನೂನೂ ಪತ್ರಕರ್ತರ ಸಂಘಕ್ಕೆ ಕೊಟ್ಟಿಲ್ಲ. ಆದರೆ ಇವತ್ತಿನ ಮಾಲೀಕರ ಜೊತೆ ಸರಿಯಾದ ಕಡೆ ಕೂತು ಮಾಡಿಕೊಂಡ ಒಪ್ಪಂದ ನಾಳೆ ಬರುವ ಮಾಲೀಕರನ್ನೂ ಕಟ್ಟಿಹಾಕುತ್ತದೆ. ಬಹಳಷ್ಟು ಸಂಘಗಳು ಮನವಿ ಪತ್ರ ಕೊಡುವುದರಲ್ಲೇ ದಣಿದು ಈ ದಾರಿಯನ್ನು ಬಿಟ್ಟುಬಿಟ್ಟಿವೆ. ಮಾಧ್ಯಮ ಸುಧಾರಣೆ ದೆಹಲಿಯಲ್ಲಿ ಆಗುವ ತನಕ ಕಾಯುವವರಿಗಿಂತ ಇದನ್ನು ಹಿಡಿದವರಿಗೆ ಹೆಚ್ಚು ದಕ್ಕುತ್ತದೆ.

ಕೆಲಸ ಎರಡು. ಮೊದಲು ಮಾಲೀಕರು ನಿಜವಾಗಿ ಯಾರು ಎಂದು ದಾಖಲೆಯಲ್ಲಿ ಹುಡುಕಬೇಕು. ಆಮೇಲೆ ಅದನ್ನು ಕೈಯಲ್ಲಿಟ್ಟುಕೊಂಡು ಒಪ್ಪಂದ ಬರೆಸಬೇಕು.

ಪುಟದ ಕೊನೆಯ ಸಾಲಿನಿಂದ ಶುರು ಮಾಡಿ

ಮುದ್ರಕ, ಪ್ರಕಾಶಕ, ಸಂಪಾದಕ, ಮಾಲೀಕರ ಹೆಸರಿರುವ ಇಂಪ್ರಿಂಟ್ ಸಾಲು ಸಾಮಾನ್ಯವಾಗಿ ಕೊನೆಯ ಪುಟದ ತಳದಲ್ಲಿರುತ್ತದೆ. ಅದನ್ನು ಅಕ್ಷರ ಬಿಡದೆ ಬರೆದುಕೊಳ್ಳಿ. ‘ಪಬ್ಲಿಕೇಷನ್’ ಮತ್ತು ‘ಪಬ್ಲಿಕೇಷನ್ಸ್’ ಬೇರೆ ಬೇರೆ ಕಂಪನಿಗಳಾಗಿರಬಹುದು. ನೋಂದಣಿ ಸಂಖ್ಯೆಯನ್ನೂ ಗುರುತು ಹಾಕಿಕೊಳ್ಳಿ. ಕರ್ನಾಟಕದ ಕನ್ನಡ ಪತ್ರಿಕೆಗಳ ಸಂಖ್ಯೆ ‘ಕೆಎಆರ್‌ಕೆಎಎನ್’ ಎಂಬ ಆರು ಅಕ್ಷರದಿಂದ ಆರಂಭವಾಗಿ, ನಡುವೆ ನೋಂದಣಿಯಾದ ವರ್ಷ, ಕೊನೆಯಲ್ಲಿ ಕ್ರಮಸಂಖ್ಯೆ ಇರುತ್ತದೆ. ಹಳೆಯ ಪತ್ರಿಕೆಗಳಿಗೆ ಬರೀ ಅಂಕಿಯಿರುತ್ತದೆ. 1867ರ ಕಾಯ್ದೆಯ ಜಾಗಕ್ಕೆ 2023ರ ಪತ್ರಿಕೆಗಳ ನೋಂದಣಿ ಕಾಯ್ದೆ ಬಂದು, ಅದು 2024ರ ಮಾರ್ಚ್ 1ರಿಂದ ಜಾರಿಯಲ್ಲಿದೆ. ಆರ್‌ಎನ್‌ಐ ಎಂದು ಎಲ್ಲರ ಬಾಯಲ್ಲಿದ್ದ ಕಚೇರಿ ಈಗ ಪ್ರೆಸ್ ರಿಜಿಸ್ಟ್ರಾರ್ ಜನರಲ್ ಕಚೇರಿ. ನೋಂದಣಿ ಅರ್ಜಿಗಳೆಲ್ಲ ಪ್ರೆಸ್ ಸೇವಾ ಪೋರ್ಟಲ್ ಮೂಲಕ ಹೋಗುತ್ತವೆ.

ಹಳೆಯ ಸಂಚಿಕೆಗಳಲ್ಲಿ ಫಾರ್ಮ್ 4 ಹುಡುಕಿ. 1956ರ ನಿಯಮಗಳ ಪ್ರಕಾರ ಪ್ರತಿ ವರ್ಷ ಫೆಬ್ರವರಿ ಮುಗಿದ ಮೇಲಿನ ಮೊದಲ ಸಂಚಿಕೆಯಲ್ಲಿ ಅದು ಅಚ್ಚಾಗಬೇಕಿತ್ತು. ಅದರ ಆರನೇ ಅಂಶ ಮುಖ್ಯ: ಪತ್ರಿಕೆಯ ಮಾಲೀಕರು, ಪಾಲುದಾರರು, ಒಟ್ಟು ಬಂಡವಾಳದಲ್ಲಿ ಶೇ 1ಕ್ಕಿಂತ ಹೆಚ್ಚು ಷೇರು ಇರುವವರ ಹೆಸರು ಮತ್ತು ವಿಳಾಸ. ಗ್ರಂಥಾಲಯದ ಬೈಂಡ್ ಸಂಪುಟಗಳಲ್ಲಿ ಮಾರ್ಚ್ 1ರ ಆಸುಪಾಸಿನ ಸಂಚಿಕೆಗಳನ್ನು ತೆಗೆದು, ಹತ್ತು ವರ್ಷದ ಫಾರ್ಮ್ 4ಗಳನ್ನು ಫೋಟೊ ಹೊಡೆದು ಸಾಲಾಗಿ ಇಟ್ಟು ನೋಡಿ. ಯಾವ ವರ್ಷ ಯಾವ ಹೆಸರು ಹೋಯಿತು, ಯಾವುದು ಬಂತು ಎನ್ನುವುದು ಅಲ್ಲೇ ಕಾಣುತ್ತದೆ. ಬಹಳ ಕಡೆ ಆರನೇ ಅಂಶದಲ್ಲಿ ಬರೀ ಒಂದು ಪ್ರೈವೇಟ್ ಲಿಮಿಟೆಡ್ ಕಂಪನಿಯ ಹೆಸರಿರುತ್ತದೆ, ಅದರ ಹಿಂದಿನ ಮನುಷ್ಯರ ಹೆಸರಿರುವುದಿಲ್ಲ. ಅಲ್ಲಿಂದ ಮುಂದಕ್ಕೆ ಕಂಪನಿ ದಾಖಲೆಗೆ ಹೋಗಬೇಕು.

ಎಲ್ಲ ಪತ್ರಿಕೆಗಳ ಹಿಂದೆಯೂ ಕಂಪನಿ ಇರುವುದಿಲ್ಲ. ಸಂಯುಕ್ತ ಕರ್ನಾಟಕ ಲೋಕ ಶಿಕ್ಷಣ ಟ್ರಸ್ಟಿನದು. ಟ್ರಸ್ಟ್ ಆಗಿದ್ದರೆ ಟ್ರಸ್ಟ್ ಪತ್ರ ನೋಂದಣಿಯಾದ ಉಪ ನೋಂದಣಾಧಿಕಾರಿ ಕಚೇರಿಯಲ್ಲಿ, ಸೊಸೈಟಿಯಾಗಿದ್ದರೆ 1960ರ ಸಂಘಗಳ ನೋಂದಣಿ ಕಾಯ್ದೆಯಡಿ ಜಿಲ್ಲಾ ನೋಂದಣಾಧಿಕಾರಿಯಲ್ಲಿ ದೃಢೀಕೃತ ಪ್ರತಿ ಕೇಳಿ. ಟ್ರಸ್ಟ್ ಪತ್ರದಲ್ಲಿ ಓದಬೇಕಾದ್ದು ಒಂದೇ: ಹೊಸ ಟ್ರಸ್ಟಿಯನ್ನು ಯಾರು ನೇಮಿಸುತ್ತಾರೆ. ಆ ಅಧಿಕಾರ ಯಾರ ಕೈಯಲ್ಲಿದೆಯೋ ಪತ್ರಿಕೆ ಅವರ ಕೈಯಲ್ಲಿದೆ.

ಕಂಪನಿ ದಾಖಲೆ

ಕಾರ್ಪೊರೇಟ್ ವ್ಯವಹಾರಗಳ ಸಚಿವಾಲಯದ ಜಾಲತಾಣದಲ್ಲಿ ಕಂಪನಿ ಹೆಸರು ಹುಡುಕಿದರೆ 21 ಅಕ್ಷರ-ಅಂಕಿಗಳ ಗುರುತಿನ ಸಂಖ್ಯೆ ಸಿಗುತ್ತದೆ. ಅದನ್ನು ಓದಲು ಕಲಿಯಿರಿ. ಮೊದಲ ಅಕ್ಷರ ‘ಎಲ್’ ಇದ್ದರೆ ಷೇರುಪೇಟೆಯಲ್ಲಿರುವ ಕಂಪನಿ, ‘ಯು’ ಇದ್ದರೆ ಅಲ್ಲ. ನಂತರದ ಐದು ಅಂಕಿ ಉದ್ಯಮದ ಸಂಕೇತ, ಎರಡು ಅಕ್ಷರ ರಾಜ್ಯ, ನಾಲ್ಕು ಅಂಕಿ ಸ್ಥಾಪನೆಯ ವರ್ಷ, ಮೂರು ಅಕ್ಷರ ಕಂಪನಿಯ ಬಗೆ, ಕೊನೆಯ ಆರು ನೋಂದಣಿ ಸಂಖ್ಯೆ. ಪತ್ರಿಕೆ ಐವತ್ತು ವರ್ಷದ್ದು, ಕಂಪನಿ ಮೂರು ವರ್ಷದ್ದು ಎಂದಾದರೆ ನಡುವೆ ಒಂದು ವರ್ಗಾವಣೆ ನಡೆದಿದೆ ಎಂದೇ ಅರ್ಥ.

ನಿರ್ದೇಶಕರ ಹೆಸರು ಪುಕ್ಕಟೆ ಕಾಣುತ್ತದೆ. ಪೂರ್ತಿ ದಾಖಲೆ ನೋಡಲು ಒಂದು ಕಂಪನಿಗೆ ₹100 ಶುಲ್ಕ, ತೆರೆದ ಮೇಲೆ ಮೂರು ಗಂಟೆ ಅವಕಾಶ. ಗಡಿಯಾರ ಓಡುತ್ತಿರುವಾಗ ಓದುತ್ತಾ ಕೂರಬೇಡಿ, ಬೇಕಾದ್ದನ್ನೆಲ್ಲ ಮೊದಲು ಇಳಿಸಿಕೊಳ್ಳಿ. ಎಂಜಿಟಿ-7 ಎಂಬುದು ವಾರ್ಷಿಕ ವಿವರಪಟ್ಟಿ. ಅದರ ಜೊತೆಗಿರುವ ಲಗತ್ತಿನಲ್ಲಿ ಷೇರುದಾರರ ಪಟ್ಟಿ ಇರುತ್ತದೆ. ಎಒಸಿ-4ರಲ್ಲಿ ಲೆಕ್ಕಪತ್ರ. ಸಿಎಚ್‌ಜಿ-1ರಲ್ಲಿ ಕಂಪನಿಯ ಆಸ್ತಿ ಯಾರಿಗೆ ಅಡಮಾನವಾಗಿದೆ ಎಂಬ ವಿವರ. ಷೇರುದಾರ ಇನ್ನೊಂದು ಕಂಪನಿಯಾದರೆ ಅದರ ಎಂಜಿಟಿ-7 ತೆಗೆಯಿರಿ, ಮನುಷ್ಯರ ಹೆಸರು ಸಿಗುವ ತನಕ ಮೇಲೇರುತ್ತಾ ಹೋಗಿ. ನೇರವಾಗಿಯಲ್ಲದೆ ಬೇರೆಯವರ ಮೂಲಕ ಶೇ 10 ಅಥವಾ ಅದಕ್ಕಿಂತ ಹೆಚ್ಚು ಹಿಡಿತ ಇರುವವರ ಹೆಸರನ್ನು ಕಂಪನಿ ಬೆನ್-2 ಎಂಬ ನಮೂನೆಯಲ್ಲಿ ಸಲ್ಲಿಸಬೇಕು. ಅದು ಸಲ್ಲಿಕೆಯಾಗಿದೆಯೇ ಎಂಬುದೇ ಒಂದು ಪ್ರಶ್ನೆ.

ಇಲ್ಲಿ ಎಡವುವುದು ದಿನಾಂಕದಲ್ಲಿ. ಎಂಜಿಟಿ-7 ತೋರಿಸುವುದು ಮಾರ್ಚ್ 31ರ ಚಿತ್ರ. ವಾರ್ಷಿಕ ಸಭೆಗೆ ಸೆಪ್ಟೆಂಬರ್ 30ರ ತನಕ ಸಮಯ, ಸಭೆಯಾದ 60 ದಿನದಲ್ಲಿ ಸಲ್ಲಿಕೆ. ಏಪ್ರಿಲ್ ಮೊದಲ ವಾರ ಕೈ ಬದಲಾದ ಷೇರು ಮುಂದಿನ ವರ್ಷದ ಮಾರ್ಚ್ 31ರ ಪಟ್ಟಿಯಲ್ಲಿ ಸೇರಿ, ಆ ವರ್ಷದ ನವೆಂಬರ್ ಹೊತ್ತಿಗೆ ನಿಮಗೆ ಕಾಣುತ್ತದೆ. ಹತ್ತಿರಹತ್ತಿರ ಇಪ್ಪತ್ತು ತಿಂಗಳು. ಹಾಗಾಗಿ ಷೇರುದಾರರ ಪಟ್ಟಿಯನ್ನೇ ನೆಚ್ಚಬೇಡಿ. ನಿರ್ದೇಶಕರ ಬದಲಾವಣೆ, ನೋಂದಾಯಿತ ಕಚೇರಿಯ ವಿಳಾಸ, ಲೆಕ್ಕ ಪರಿಶೋಧಕರ ಬದಲಾವಣೆ ಇವು ಬೇಗ ದಾಖಲಾಗುತ್ತವೆ. ಮೂರೂ ಕೆಲವೇ ತಿಂಗಳ ಅಂತರದಲ್ಲಿ ಬದಲಾದವೆಂದರೆ ಮಾಲೀಕತ್ವ ಕದಲುತ್ತಿದೆ ಎಂದು ಅನುಮಾನಿಸಿ. ಷೇರುಪೇಟೆಯ ಕಂಪನಿಯಾದರೆ ಮೂರು ತಿಂಗಳು ಮುಗಿದ 21 ದಿನದಲ್ಲಿ ಷೇರು ಹಂಚಿಕೆಯ ವಿವರ ಷೇರು ವಿನಿಮಯ ಕೇಂದ್ರದ ತಾಣದಲ್ಲೇ ಬರುತ್ತದೆ.

ಷೇರಿಗಿಂತ ಸಾಲವನ್ನು ನೋಡಿ

ಒಡೆತನ ಜಾರುವುದು ಹೆಚ್ಚಾಗಿ ಸಾಲದ ದಾರಿಯಲ್ಲಿ. ಎನ್‌ಡಿಟಿವಿಯ ವಿಷಯವನ್ನೇ ನೋಡಿ. ಸ್ಥಾಪಕರ ಕಂಪನಿಯಾದ ಆರ್‌ಆರ್‌ಪಿಆರ್ ಹೋಲ್ಡಿಂಗ್ 2009–10ರಲ್ಲಿ ವಿಶ್ವಪ್ರಧಾನ್ ಕಮರ್ಷಿಯಲ್ ಎಂಬ ಕಂಪನಿಯಿಂದ ಸುಮಾರು ₹403 ಕೋಟಿ ಸಾಲ ಪಡೆಯಿತು. ಸಾಲದ ಜೊತೆ ವಾರಂಟ್, ಅಂದರೆ ಷೇರಾಗಿ ಪರಿವರ್ತಿಸಿಕೊಳ್ಳುವ ಹಕ್ಕುಪತ್ರ, ಕೊಟ್ಟಿತ್ತು. 2022ರ ಆಗಸ್ಟ್ 23ರಂದು ಅದಾನಿ ಸಮೂಹ ಆ ಸಾಲ ಕೊಟ್ಟ ಕಂಪನಿಯನ್ನೇ ಕೊಂಡಿರುವುದಾಗಿ ಪ್ರಕಟಿಸಿತು. ವಾರಂಟ್ ಚಲಾಯಿಸಿದರೆ ಆರ್‌ಆರ್‌ಪಿಆರ್‌ನ ಶೇ 99.5, ಅದರ ಮೂಲಕ ಚಾನೆಲ್‌ನ ಶೇ 29.18 ಪಾಲು ಕೈಗೆ. ತಮ್ಮ ಒಪ್ಪಿಗೆಯಿಲ್ಲದೆ ಇದು ನಡೆಯಿತು ಎಂದು ಸ್ಥಾಪಕರು ಹೇಳಿದರು. ಒಡೆತನ ಕೈಬಿಡುವ ಕಾಗದಕ್ಕೆ ಸಹಿ ಬಿದ್ದು ಆಗಲೇ ಹನ್ನೆರಡು-ಹದಿಮೂರು ವರ್ಷವಾಗಿತ್ತು.

ಆದ್ದರಿಂದ ಎಒಸಿ-4ರ ಟಿಪ್ಪಣಿಗಳಲ್ಲಿ ಮೂರು ಕಡೆ ಬೆರಳಿಡಿ: ದೀರ್ಘಾವಧಿ ಸಾಲ ಕೊಟ್ಟವರ ಹೆಸರು ಮತ್ತು ಷರತ್ತು, ‘ಪರಿವರ್ತನೀಯ’ ಎಂಬ ಪದವಿರುವ ಯಾವುದೇ ಸಾಲಪತ್ರ ಅಥವಾ ವಾರಂಟ್, ಸಂಬಂಧಿತ ಪಕ್ಷಗಳ (ಮಾಲೀಕರ ನಂಟಿರುವ ವ್ಯಕ್ತಿ, ಕಂಪನಿಗಳ) ಜೊತೆಗಿನ ವ್ಯವಹಾರ. ಸತತ ನಷ್ಟದಲ್ಲಿರುವ ಪತ್ರಿಕೆಗೆ ಬ್ಯಾಂಕಲ್ಲದ ಸಣ್ಣ ಕಂಪನಿಯೊಂದು ಬಡ್ಡಿಯಿಲ್ಲದೆ ದೊಡ್ಡ ಸಾಲ ಕೊಟ್ಟಿದ್ದರೆ, ಆ ಕಂಪನಿಯ ಮೇಲೂ ಇನ್ನೊಂದು ₹100 ಖರ್ಚು ಮಾಡಿ.

ಇನ್ನೊಂದು ಹಿಡಿತ ಸರ್ಕಾರಿ ಜಾಹೀರಾತಿನದು. ಕೇಂದ್ರದಲ್ಲಿ ಸೆಂಟ್ರಲ್ ಬ್ಯೂರೊ ಆಫ್ ಕಮ್ಯುನಿಕೇಷನ್, ರಾಜ್ಯದಲ್ಲಿ ವಾರ್ತಾ ಮತ್ತು ಸಾರ್ವಜನಿಕ ಸಂಪರ್ಕ ಇಲಾಖೆಗೆ ಮಾಹಿತಿ ಹಕ್ಕಿನ ಅರ್ಜಿ ಹಾಕಿ. ಎಂಸಿಎ ಎಂದು ಕರೆಯುವ ಸರ್ಕಾರಿ ಜಾಹೀರಾತು ಸಂಸ್ಥೆಯ ಮೂಲಕ ಹೋಗುವ ಜಾಹೀರಾತಿಗೆ ಬೇರೆಯೇ ಅರ್ಜಿ ಬೇಕು, ಇಲ್ಲವಾದರೆ ಅರ್ಧ ಲೆಕ್ಕ ತಪ್ಪುತ್ತದೆ. ಕರ್ನಾಟಕದ ನಿಯಮದಂತೆ ಒಂದು ಅರ್ಜಿಗೆ ಒಂದೇ ವಿಷಯ, ಸಾಮಾನ್ಯವಾಗಿ 150 ಪದದೊಳಗೆ, ಶುಲ್ಕ ₹10. ‘ಆ ಪತ್ರಿಕೆಗೆ ಯಾಕೆ ಹೆಚ್ಚು ಕೊಟ್ಟಿರಿ’ ಎಂದು ಕೇಳಿದರೆ ಅದು ಮಾಹಿತಿಯಲ್ಲ ಎಂದು ತಿರಸ್ಕಾರವಾಗುತ್ತದೆ. ಹೀಗೆ ಬರೆಯಿರಿ: “ದಿನಾಂಕ ಇಂತಹದ್ದರಿಂದ ಇಂತಹದ್ದರವರೆಗೆ ಇಲಾಖೆಯು ಕನ್ನಡ ದಿನಪತ್ರಿಕೆಗಳಿಗೆ ಬಿಡುಗಡೆ ಮಾಡಿದ ಜಾಹೀರಾತುಗಳ ದಿನಾಂಕ, ಅಳತೆ, ದರ ಮತ್ತು ಪಾವತಿಸಿದ ಮೊತ್ತವನ್ನು ಪತ್ರಿಕೆವಾರು ತೋರಿಸುವ ಪಟ್ಟಿಯ ದೃಢೀಕೃತ ಪ್ರತಿ ಕೊಡಿ.” 30 ದಿನದಲ್ಲಿ ಉತ್ತರ ಬರದಿದ್ದರೆ ಮುಂದಿನ 30 ದಿನದೊಳಗೆ ಮೊದಲ ಮೇಲ್ಮನವಿ, ಅದರ ನಂತರ 90 ದಿನದೊಳಗೆ ಮಾಹಿತಿ ಆಯೋಗ.

ಸಂಘದ ಲೆಕ್ಕ ಮೊದಲು ಸರಿಯಾಗಲಿ

ಬಂಡವಾಳದ ಹಿಡಿತ ಮತ್ತು ಪತ್ರಕರ್ತರ ಬದುಕು ಒಂದೇ ಪ್ರಶ್ನೆ ಎಂದು 1952–54ರ ಮೊದಲ ಪತ್ರಿಕಾ ಆಯೋಗದ ಕಾಲದಲ್ಲೇ ಕಂಡಿತ್ತು. ಅದರ ನಂತರ ಬಂದದ್ದು 1955ರ ಕಾರ್ಯನಿರತ ಪತ್ರಕರ್ತರ ಕಾಯ್ದೆ. ಸಂಪಾದಕರನ್ನು ತೆಗೆಯಲು ಆರು ತಿಂಗಳು, ಇತರ ಪತ್ರಕರ್ತರನ್ನು ತೆಗೆಯಲು ಮೂರು ತಿಂಗಳ ನೋಟಿಸ್, ನಾಲ್ಕು ವಾರಕ್ಕೆ 144 ಗಂಟೆ ಕೆಲಸದ ಮಿತಿ, ಸಂಬಳದ ಶ್ರೇಣಿ ಗೊತ್ತುಮಾಡುವ ವೇತನ ಮಂಡಳಿ ಎಲ್ಲ ಅದರಲ್ಲಿದ್ದವು. 2025ರ ನವೆಂಬರ್ 21ರಂದು ನಾಲ್ಕು ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದಾಗ ಆ ಕಾಯ್ದೆಯೂ, 1926ರ ಕಾರ್ಮಿಕ ಸಂಘಗಳ ಕಾಯ್ದೆಯೂ ರದ್ದಾಗಿ ಸಂಹಿತೆಗಳೊಳಗೆ ಸೇರಿಹೋದವು. ಒಂದು ಒಳ್ಳೆಯದಾಗಿದೆ: ಕಾರ್ಯನಿರತ ಪತ್ರಕರ್ತರ ವ್ಯಾಖ್ಯಾನದಲ್ಲಿ ಈಗ ಎಲೆಕ್ಟ್ರಾನಿಕ್ ಮತ್ತು ಡಿಜಿಟಲ್ ಮಾಧ್ಯಮದವರೂ ಇದ್ದಾರೆ. ಆದರೆ ವೇತನ ಮಂಡಳಿಗೆ ಆಧಾರವಾಗಿದ್ದ ಕಾಯ್ದೆ ಹೋಗಿರುವುದರಿಂದ ಸಂಬಳದ ಶ್ರೇಣಿಯನ್ನೂ ನೋಟಿಸ್ ಅವಧಿಯನ್ನೂ ಒಪ್ಪಂದದಲ್ಲೇ ಬರೆಸಿಕೊಳ್ಳುವುದು ಕ್ಷೇಮ.

80 ಜನರಿರುವ ಸಂಸ್ಥೆಯನ್ನು ತೆಗೆದುಕೊಳ್ಳಿ. ಸಂಘ ನೋಂದಣಿಗೆ ಕನಿಷ್ಠ ಏಳು ಜನ ಅರ್ಜಿದಾರರು ಬೇಕು, ಜೊತೆಗೆ ನೌಕರರ ಶೇ 10 ಅಥವಾ 100 ಜನ, ಯಾವುದು ಕಡಿಮೆಯೋ ಅಷ್ಟು ಸದಸ್ಯರು. ಇಲ್ಲಿ ಎಂಟು ಜನ ಸಾಕು. ಆದರೆ ಆಡಳಿತದ ಜೊತೆ ಎಲ್ಲರ ಪರ ಮಾತಾಡುವ ಏಕೈಕ ಮಾತುಕತೆಯ ಸಂಘ ಎಂಬ ಮಾನ್ಯತೆಗೆ ಒಂದಕ್ಕಿಂತ ಹೆಚ್ಚು ಸಂಘಗಳಿರುವ ಕಡೆ ಹಾಜರಿಪಟ್ಟಿಯಲ್ಲಿರುವವರ ಶೇ 51 ಬೆಂಬಲ ಬೇಕು, ಅಂದರೆ 41 ಜನ. ಯಾರಿಗೂ ಅಷ್ಟು ಇಲ್ಲದಿದ್ದರೆ ಮಾತುಕತೆಯ ಮಂಡಳಿ ರಚನೆಯಾಗುತ್ತದೆ. ಅದರಲ್ಲಿ ಜಾಗ ಸಿಗಲು ಶೇ 20, ಅಂದರೆ 16 ಜನ. ಪದಾಧಿಕಾರಿಗಳಲ್ಲಿ ಹೊರಗಿನವರು ಮೂರನೇ ಒಂದು ಭಾಗ ಅಥವಾ ಐದು ಜನ, ಯಾವುದು ಕಡಿಮೆಯೋ ಅದನ್ನು ಮೀರುವಂತಿಲ್ಲ. ರಾಜ್ಯದ ನಿಯಮಗಳ ಈಗಿನ ಸ್ಥಿತಿಯನ್ನು ಕಾರ್ಮಿಕ ಇಲಾಖೆಯಲ್ಲಿ ಕೇಳಿ ಖಚಿತ ಮಾಡಿಕೊಂಡೇ ಅರ್ಜಿ ಬರೆಯಿರಿ.

ಲೆಕ್ಕ ಮುರಿಯುವುದು ‘ಹಾಜರಿಪಟ್ಟಿ’ ಎಂಬಲ್ಲಿ. ವರದಿಗಾರರನ್ನು ‘ಸಲಹೆಗಾರ’, ‘ರಿಟೇನರ್’ ಎಂದು ಕರೆದು ಪಟ್ಟಿಯಿಂದ ಹೊರಗಿಟ್ಟರೆ ಸಂಘದ ಬೆಂಬಲಿಗರೇ ಲೆಕ್ಕಕ್ಕೆ ಸಿಗುವುದಿಲ್ಲ. ಮಜೀಠಿಯಾ ವೇತನ ಮಂಡಳಿಯ ಪ್ರಕರಣದಲ್ಲಿ 2017ರ ಜೂನ್ 19ರ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಗುತ್ತಿಗೆಯ ಮೇಲಿರುವವರಿಗೂ ವೇತನ ಮಂಡಳಿಯ ಲಾಭ ಸಲ್ಲುತ್ತದೆ ಎಂದಿತ್ತು. ಹೆಸರಿಗಿಂತ ಕೆಲಸದ ಸ್ವರೂಪ ಮುಖ್ಯ ಎಂದು ವಾದಿಸಲು ಅದು ಇವತ್ತಿಗೂ ನೆರವಾಗುತ್ತದೆ. ಪುರಾವೆ ಈಗಿನಿಂದಲೇ ಕೂಡಿಡಿ: ಡ್ಯೂಟಿ ಚಾರ್ಟ್, ರಜೆಗೆ ಅನುಮತಿ ಕೇಳಿದ ಮೇಲ್, ಕಚೇರಿಯ ಗುರುತಿನ ಚೀಟಿ, ಬೈಲೈನ್ (ಬರೆದವರ ಹೆಸರು) ಇರುವ ತುಣುಕುಗಳು, ಕಡಿತವಾದದ್ದು ಸಂಬಳದ ಮೇಲಿನ ಟಿಡಿಎಸ್ಸೋ ವೃತ್ತಿಪರ ಶುಲ್ಕದ ಮೇಲಿನ ಟಿಡಿಎಸ್ಸೋ ಎಂಬ ದಾಖಲೆ. ಸುದ್ದಿ ಸಂಪಾದಕರನ್ನು ಸಂಘದ ಅಧ್ಯಕ್ಷರಾಗಿಸುವ ಮೊದಲು ಎರಡು ಸಲ ಯೋಚಿಸಿ. ಅವರದು ಆಡಳಿತದ ಹುದ್ದೆ, ಇಲ್ಲವೇ ತಿಂಗಳಿಗೆ ₹18,000 ಮೀರಿದ ಮೇಲ್ವಿಚಾರಣೆಯ ಹುದ್ದೆ ಎಂದು ತೋರಿಸಿ, ಅವರು ಕಾನೂನಿನ ಅರ್ಥದ ‘ಕಾರ್ಮಿಕ’ರೇ ಅಲ್ಲ ಎಂದು ಆಡಳಿತ ಮಂಡಳಿ ತಕರಾರು ತೆಗೆಯಬಹುದು.

ಒಪ್ಪಂದ: ಎಲ್ಲಿ ಕೂತು ಮಾಡುತ್ತೀರಿ ಎನ್ನುವುದೇ ಮುಖ್ಯ

ಆಡಳಿತ ಮಂಡಳಿಯ ಕೋಣೆಯಲ್ಲಿ ಕೂತು ಮಾಡಿಕೊಂಡ ಒಪ್ಪಂದ ಸಹಿ ಹಾಕಿದವರನ್ನು ಮಾತ್ರ ಕಟ್ಟುತ್ತದೆ. ಕಾರ್ಮಿಕ ಇಲಾಖೆಯ ಸಂಧಾನಾಧಿಕಾರಿಯ ಮುಂದೆ, ಸಂಧಾನ ಪ್ರಕ್ರಿಯೆ ನಡೆಯುತ್ತಿರುವಾಗ ಆದ ಒಪ್ಪಂದ ಸಂಸ್ಥೆಯ ಎಲ್ಲ ನೌಕರರಿಗೂ, ಮುಂದೆ ಸೇರುವವರಿಗೂ ಅನ್ವಯಿಸುತ್ತದೆ. ಮಾಲೀಕರ ಕಡೆಯಲ್ಲಿ ಅವರ ವಾರಸುದಾರರು, ಉತ್ತರಾಧಿಕಾರಿಗಳು, ಸಂಸ್ಥೆಯನ್ನು ವಹಿಸಿಕೊಂಡವರು ಎಲ್ಲರನ್ನೂ ಅದು ಕಟ್ಟುತ್ತದೆ. ಹಳೆಯ ಕೈಗಾರಿಕಾ ವಿವಾದಗಳ ಕಾಯ್ದೆಯಲ್ಲೂ ಇದು ಇತ್ತು, ಈಗಿನ ಕೈಗಾರಿಕಾ ಸಂಬಂಧಗಳ ಸಂಹಿತೆಯಲ್ಲೂ ಇದೆ. ಒಳಗೇ ಮಾತು ಮುಗಿದಿದ್ದರೂ ಕಡತವನ್ನು ಸಂಧಾನಾಧಿಕಾರಿಯ ಮುಂದಿಟ್ಟು ಅಲ್ಲಿ ಸಹಿ ಹಾಕಿಸಿ. ಅವಧಿ ಬರೆಸಲು ಮರೆಯಬೇಡಿ. ಬರೆಯದಿದ್ದರೆ ಆರು ತಿಂಗಳು ಎಂದೇ ಲೆಕ್ಕ, ಅದರ ನಂತರ 60 ದಿನದ ನೋಟಿಸಿನಿಂದ ಮುಗಿಸಬಹುದು. ಮೂರರಿಂದ ಐದು ವರ್ಷ ಕೇಳಿ.

ಸಂಪಾದಕೀಯ ಸ್ವಾತಂತ್ರ್ಯವನ್ನು ಇದರೊಳಗೆ ತರುವಾಗ ಭಾಷೆಯಲ್ಲಿ ಎಚ್ಚರ ಬೇಕು. ‘ಪತ್ರಿಕೆ ನಿಷ್ಪಕ್ಷಪಾತವಾಗಿರತಕ್ಕದ್ದು’ ಎಂದು ಬರೆದರೆ ಅದು ಕೈಗಾರಿಕಾ ವಿವಾದದ ವಿಷಯವೇ ಅಲ್ಲ ಎಂದು ವಕೀಲರು ಎತ್ತಿ ಪಕ್ಕಕ್ಕಿಡುತ್ತಾರೆ. ಕಾರ್ಮಿಕ ಕಾನೂನು ಕೈಹಾಕುವುದು ಉದ್ಯೋಗ, ಉದ್ಯೋಗದ ಷರತ್ತು ಮತ್ತು ಕೆಲಸದ ಪರಿಸ್ಥಿತಿಗೆ. ಆದ್ದರಿಂದ ಪ್ರತಿ ಕಲಮನ್ನೂ ಸೇವಾ ಷರತ್ತಿನ ರೂಪದಲ್ಲಿ ಬರೆಯಿರಿ. ಉದಾಹರಣೆಗೆ:

“ಹಣ ಪಡೆದು ಪ್ರಕಟಿಸುವ ವಿಷಯವನ್ನು ಸುದ್ದಿಯ ರೂಪದಲ್ಲಿ ಬರೆಯಲು ಅಥವಾ ತಿದ್ದಲು ಯಾವ ಕಾರ್ಯನಿರತ ಪತ್ರಕರ್ತರನ್ನೂ ಒತ್ತಾಯಿಸತಕ್ಕದ್ದಲ್ಲ. ನಿರಾಕರಿಸಿದ ಕಾರಣಕ್ಕೆ ವರ್ಗಾವಣೆ, ವೇತನ ಹೆಚ್ಚಳದ ತಡೆ ಅಥವಾ ಶಿಸ್ತು ಕ್ರಮ ಕೈಗೊಳ್ಳತಕ್ಕದ್ದಲ್ಲ.”

ಇದೇ ಅಚ್ಚಿನಲ್ಲಿ ಇನ್ನೂ ಕೆಲವನ್ನು ಸೇರಿಸಿ. ತನ್ನ ಬರಹವನ್ನು ಅರ್ಥ ಕೆಡುವಂತೆ ತಿದ್ದಿದರೆ ಬೈಲೈನ್ ಹಿಂತೆಗೆದುಕೊಳ್ಳುವ ಹಕ್ಕು. ವರದಿಗಾರರಿಗೆ ಜಾಹೀರಾತು ಅಥವಾ ಚಂದಾ ಗುರಿ ಹೇರದಿರುವುದು. ಜಿಲ್ಲಾ, ತಾಲ್ಲೂಕು ವರದಿಗಾರರಿಗೆ ಇದೇ ಅತಿ ದೊಡ್ಡ ಹಿಂಸೆ, ಇದನ್ನು ಬಿಟ್ಟುಕೊಡಬೇಡಿ. ಮಾಲೀಕತ್ವ ಬದಲಾದರೆ ಆರು ತಿಂಗಳೊಳಗೆ ಪರಿಹಾರ ಸಮೇತ ಕೆಲಸ ಬಿಡುವ ಹಕ್ಕನ್ನೂ ಕೇಳಿ. ಫ್ರಾನ್ಸಿನಲ್ಲಿ 1935ರ ಮಾರ್ಚ್ 29ರ ಕಾನೂನಿನಿಂದ ಪತ್ರಕರ್ತರಿಗೆ ಈ ಹಕ್ಕಿದೆ. ಪತ್ರಿಕೆ ಮಾರಾಟವಾದರೆ, ಅಥವಾ ಅದರ ಧೋರಣೆ ಪತ್ರಕರ್ತನ ಮನಸ್ಸಾಕ್ಷಿಗೆ ಒಗ್ಗದಷ್ಟು ಬದಲಾದರೆ, ತಾನೇ ಬಿಟ್ಟರೂ ಕೆಲಸದಿಂದ ತೆಗೆದವರಿಗೆ ಸಿಗುವ ಪರಿಹಾರವೇ ಸಿಗುತ್ತದೆ. ನಮ್ಮಲ್ಲಿ ಅಂಥ ಕಾನೂನಿಲ್ಲ, ಒಪ್ಪಂದದಲ್ಲಿ ಬರೆಸಲು ಅಡ್ಡಿಯೂ ಇಲ್ಲ. ಕೊನೆಯದಾಗಿ ಮಾಹಿತಿಯ ಕಲಮು: ಶೇ 5 ಮೀರಿದ ಷೇರು ವರ್ಗಾವಣೆ, ಷೇರಾಗಿ ಬದಲಾಗಬಲ್ಲ ಯಾವುದೇ ಸಾಲವನ್ನು 15 ದಿನದಲ್ಲಿ ಸಂಘಕ್ಕೆ ತಿಳಿಸಬೇಕು. ಇದಕ್ಕೆ ಆಡಳಿತ ಮಂಡಳಿ ಗಟ್ಟಿಯಾಗಿ ವಿರೋಧಿಸುತ್ತದೆ. ಆಗ ಕಂಪನಿ ಸರ್ಕಾರಕ್ಕೆ ಸಲ್ಲಿಸುವ ಪ್ರತಿ ನಮೂನೆಯ ಪ್ರತಿಯನ್ನು ಅದೇ ದಿನ ಕೊಡಬೇಕು ಎಂಬಲ್ಲಿಗೆ ಇಳಿಯಿರಿ. ಸಾರ್ವಜನಿಕ ದಾಖಲೆಯನ್ನು ಕೊಡುವುದಿಲ್ಲ ಎನ್ನಲು ಅವರಿಗೆ ಕಾರಣ ಸಿಗುವುದಿಲ್ಲ.

ಸಂಬಳದ ಬೇಡಿಕೆ ಇಡುವಾಗ 1958ರ ಎಕ್ಸ್‌ಪ್ರೆಸ್ ನ್ಯೂಸ್‌ಪೇಪರ್ಸ್ ತೀರ್ಪನ್ನು ನೆನಪಿಡಿ. ಸುಪ್ರೀಂ ಕೋರ್ಟ್ 1955ರ ಕಾಯ್ದೆಯನ್ನು ಬಹುತೇಕ ಎತ್ತಿಹಿಡಿದರೂ ಮೊದಲ ವೇತನ ಮಂಡಳಿಯ ನಿರ್ಣಯವನ್ನು ಹೊಡೆದುಹಾಕಿತು. ಪತ್ರಿಕೆಗಳಿಗೆ ಕೊಡುವ ಶಕ್ತಿ ಎಷ್ಟಿದೆ ಎಂದು ಮಂಡಳಿ ನೋಡಿರಲಿಲ್ಲ. ನೀವು ತೆಗೆದ ಎಒಸಿ-4 ಇಲ್ಲಿ ಮತ್ತೆ ಕೆಲಸಕ್ಕೆ ಬರುತ್ತದೆ: ಐದು ವರ್ಷದ ಆದಾಯ, ಸಂಬಳದ ಖರ್ಚು, ಸಂಬಂಧಿತ ಕಂಪನಿಗಳಿಗೆ ಹರಿದ ಹಣ, ಮೂರನ್ನೂ ಒಂದೇ ಹಾಳೆಯಲ್ಲಿ ಮೇಜಿನ ಮೇಲಿಡಿ.

ಮಾರಾಟದ ಸುಳಿವು ಸಿಕ್ಕಾಗ

ಸಂಸ್ಥೆ ವರ್ಗಾವಣೆಯಾದರೆ ಒಂದು ವರ್ಷ ಸತತ ಸೇವೆ ಮಾಡಿದ ನೌಕರರಿಗೆ, ಕೆಲಸದಿಂದ ತೆಗೆದಾಗ ಸಲ್ಲುವಂತೆ ನೋಟಿಸ್ ಮತ್ತು ಪರಿಹಾರ ಸಲ್ಲಬೇಕು. ಸೇವೆ ತುಂಡಾಗದೆ, ಷರತ್ತುಗಳು ಮೊದಲಿಗಿಂತ ಕೆಳಗಿಳಿಯದೆ, ಹಳೆಯ ಸೇವಾವಧಿಯ ಹೊಣೆಯನ್ನು ಹೊಸ ಮಾಲೀಕರು ಹೊತ್ತರೆ ಮಾತ್ರ ಇದರಿಂದ ವಿನಾಯಿತಿ. ಆದರೆ ಷೇರು ಮಾತ್ರ ಕೈ ಬದಲಾಗಿ ಕಂಪನಿ ಅದೇ ಉಳಿದರೆ ಕಾನೂನಿನ ಕಣ್ಣಿಗೆ ವರ್ಗಾವಣೆ ನಡೆದೇ ಇಲ್ಲ. ಈ ರಕ್ಷಣೆ ಸಿಗುವುದಿಲ್ಲ. ಆದ್ದರಿಂದಲೇ ಒಪ್ಪಂದದಲ್ಲಿ ‘ಮಾಲೀಕತ್ವದ ಬದಲಾವಣೆ’ ಎಂದರೆ ‘ನೇರವಾಗಿ ಅಥವಾ ಇನ್ನೊಂದು ಕಂಪನಿಯ ಮೂಲಕ ನಿಯಂತ್ರಣ ಬದಲಾಗುವುದು’ ಎಂದು ಬಿಡಿಸಿ ಬರೆಸಬೇಕು. ಒಂದು ಸಾಲು ಸಾಕು.

ಹೊಸಬರು ಬಂದ ಕೂಡಲೇ ಹಳೆಯ ನೇಮಕಾತಿ ಬಿಟ್ಟು ಹೊಸ ಗುತ್ತಿಗೆಗೆ ಸಹಿ ಹಾಕಿ ಎನ್ನುವುದುಂಟು. ಒಬ್ಬೊಬ್ಬರನ್ನೇ ಕರೆದು ಸಂಜೆಯೊಳಗೆ ಸಹಿ ಕೇಳುತ್ತಾರೆ. ಸದಸ್ಯರಿಗೆಲ್ಲ ಮುಂಚೆಯೇ ಹೇಳಿಡಿ: ಸಹಿ ಮಾಡುವ ಮುನ್ನ ಪ್ರತಿ ಪಡೆಯಿರಿ, ಸಂಘಕ್ಕೆ ತೋರಿಸಿ. ಸೇವಾ ಷರತ್ತು ಬದಲಿಸಲು 21 ದಿನದ ನೋಟಿಸ್ ಕೊಡಬೇಕೆಂಬ ನಿಯಮವನ್ನು ಪತ್ರದಲ್ಲಿ ಉಲ್ಲೇಖಿಸಿ.

ಮುಷ್ಕರಕ್ಕೆ ಹೋಗುವುದಾದರೆ ಕನಿಷ್ಠ 14 ದಿನ ಮುಂಚಿತ ನೋಟಿಸ್ ಬೇಕು. ಸಂಧಾನ ನಡೆಯುತ್ತಿರುವಾಗಲೂ, ಮುಗಿದ ಏಳು ದಿನದ ತನಕವೂ ಹೋಗುವಂತಿಲ್ಲ. ಎಲ್ಲರೂ ಒಂದೇ ದಿನ ರಜೆ ಹಾಕೋಣ ಎಂಬ ಹಳೆಯ ಉಪಾಯ ಈಗ ಅಪಾಯ. ಶೇ 50 ಅಥವಾ ಹೆಚ್ಚು ನೌಕರರು ಒಟ್ಟಾಗಿ ಸಾಂದರ್ಭಿಕ ರಜೆ ಹಾಕಿದರೆ ಅದೂ ಮುಷ್ಕರವೇ. ಕೆಲಸ ನಿಲ್ಲಿಸದೆ ಎಲ್ಲರೂ ಬೈಲೈನ್ ಕೈಬಿಡುವುದು ಇದಕ್ಕಿಂತ ಕ್ಷೇಮ, ಓದುಗರ ಕಣ್ಣಿಗೂ ಬೀಳುತ್ತದೆ. ಬೈಲೈನ್ ಹಕ್ಕನ್ನು ಒಪ್ಪಂದದಲ್ಲಿ ಬರೆಸಿದ್ದವರಿಗೆ ಇದು ಸಲೀಸು.

ಕಾನೂನು ಬದಲಾವಣೆಗೆ ಅಭಿಪ್ರಾಯ ಸಲ್ಲಿಸುವಾಗ

ದೂರಸಂಪರ್ಕ ಮತ್ತು ಪ್ರಸಾರದ ನಿಯಂತ್ರಕ ಸಂಸ್ಥೆಯಾದ ಟ್ರಾಯ್ 2009ರಲ್ಲೂ 2014ರ ಆಗಸ್ಟ್ 12ರಂದೂ ಮಾಧ್ಯಮ ಮಾಲೀಕತ್ವದ ಬಗ್ಗೆ ಶಿಫಾರಸು ಕೊಟ್ಟಿದೆ, 2022ರಲ್ಲಿ ಮತ್ತೆ ಸಮಾಲೋಚನಾ ಪತ್ರ ಹೊರಡಿಸಿತು. ಇಂಥ ಪತ್ರಕ್ಕೆ ಉತ್ತರ ಬರೆಯುವಾಗ ಇಡೀ ದೇಶದ ಲೆಕ್ಕ ಕೊಡಬೇಡಿ. ದೇಶದ ಮಟ್ಟದಲ್ಲಿ ಪತ್ರಿಕೆಗಳು ಸಾವಿರಾರು, ಕೇಂದ್ರೀಕರಣ ಕಾಣುವುದೇ ಇಲ್ಲ. ಕನ್ನಡ ಓದುಗರಿಗೆ ಕನ್ನಡವೇ ಮಾರುಕಟ್ಟೆ, ಆ ಲೆಕ್ಕ ಕೊಡಿ. ಹಿಡಿತವನ್ನು ಅಳೆಯಲು ಎಚ್‌ಎಚ್‌ಐ ಸೂಚ್ಯಂಕ ಬಳಸುತ್ತಾರೆ. ಪ್ರತಿ ಸಂಸ್ಥೆಯ ಶೇಕಡಾ ಪಾಲನ್ನು ವರ್ಗ ಮಾಡಿ ಕೂಡಿಸುವುದು, ಅಷ್ಟೇ. ನಾಲ್ಕು ಸಂಸ್ಥೆಗಳ ಪಾಲು 40, 30, 20, 10 ಇದ್ದರೆ 1,600 + 900 + 400 + 100 = 3,000. ಒಬ್ಬರೇ ಇದ್ದರೆ 10,000. ಟ್ರಾಯ್ 2014ರಲ್ಲಿ 1,800ರ ಮೇಲಿನದನ್ನು ಕೇಂದ್ರೀಕರಣದ ಗಡಿಯಾಗಿ ಹಿಡಿದಿತ್ತು. ಪ್ರಸಾರ ಸಂಖ್ಯೆಗೆ ಪ್ರಕಾಶಕರ ಸ್ವಂತ ಹೇಳಿಕೆ ಮತ್ತು ಪ್ರಸಾರವನ್ನು ಪರಿಶೀಲಿಸಿ ದೃಢೀಕರಿಸುವ ಎಬಿಸಿ ಸಂಸ್ಥೆಯ ಲೆಕ್ಕವನ್ನು ಬೆರೆಸಬೇಡಿ. ಎಬಿಸಿಯಲ್ಲಿ ಸದಸ್ಯ ಪತ್ರಿಕೆಗಳದ್ದು ಮಾತ್ರ ಇರುತ್ತದೆ.

ಏನನ್ನು ಕೇಳಬಾರದು ಎಂಬುದನ್ನೂ ತಿಳಿದಿರಬೇಕು. ದೊಡ್ಡ ಪತ್ರಿಕೆಗಳ ಪುಟ ಮತ್ತು ಬೆಲೆ ನಿಯಂತ್ರಿಸಲು ತಂದ 1956ರ ಕಾಯ್ದೆಯನ್ನು 1961ರಲ್ಲಿ ಸಕಾಳ್ ಪೇಪರ್ಸ್ ಪ್ರಕರಣದಲ್ಲೂ, ನ್ಯೂಸ್‌ಪ್ರಿಂಟ್ ನೀತಿಯ ಪುಟ ಮಿತಿಯನ್ನು 1972ರಲ್ಲಿ ಬೆನೆಟ್ ಕೋಲ್ಮನ್ ಪ್ರಕರಣದಲ್ಲೂ ಸುಪ್ರೀಂ ಕೋರ್ಟ್ ಅಭಿವ್ಯಕ್ತಿ ಸ್ವಾತಂತ್ರ್ಯದ ಆಧಾರದ ಮೇಲೆ ತಳ್ಳಿಹಾಕಿತು. ಪುಟ, ಬೆಲೆ, ಪ್ರಸಾರಕ್ಕೆ ಕೈಹಾಕುವ ಬೇಡಿಕೆ ಹೀಗೆ ಬೀಳುತ್ತದೆ. ಪತ್ರಿಕೆ, ಟಿವಿ, ವಿತರಣೆ ಮೂರರಲ್ಲೂ ಒಬ್ಬರ ಪಾಲಿಗೆ ಮಿತಿ, ಪರಿವರ್ತನೀಯ ಸಾಲವನ್ನೂ ಸೇರಿಸಿದ ಕಡ್ಡಾಯ ಬಹಿರಂಗ, ಸರ್ಕಾರಿ ಜಾಹೀರಾತಿನ ಮಾಸಿಕ ಪಟ್ಟಿ, ಇವನ್ನು ಕೇಳಿ.

ಪತ್ರಿಕಾ ಮಂಡಳಿಯನ್ನೂ (ಪ್ರೆಸ್ ಕೌನ್ಸಿಲ್) ಬಿಡಬೇಡಿ. ಎಚ್ಚರಿಕೆ, ಛೀಮಾರಿ, ಖಂಡನೆ ಬಿಟ್ಟು ಅದರ ಕೈಯಲ್ಲಿ ಶಿಕ್ಷೆಯಿಲ್ಲ, ಟಿವಿ ಅದರ ವ್ಯಾಪ್ತಿಗೆ ಬರುವುದಿಲ್ಲ. ಆದರೆ ಪತ್ರಿಕೆಗಳ ಸ್ವಾತಂತ್ರ್ಯಕ್ಕೆ ಧಕ್ಕೆ ತರುವ ಮಾಲೀಕತ್ವದ ಕೇಂದ್ರೀಕರಣವನ್ನು ಗಮನಿಸುವುದು 1978ರ ಕಾಯ್ದೆಯ 13ನೇ ಸೆಕ್ಷನ್ ಅದಕ್ಕೆ ಒಪ್ಪಿಸಿರುವ ಕೆಲಸ. ಆ ಸೆಕ್ಷನ್ ಹೆಸರಿಸಿ, ಹತ್ತು ವರ್ಷದ ಫಾರ್ಮ್ 4, ಎಂಜಿಟಿ-7, ಸಾಲದ ಟಿಪ್ಪಣಿ ಲಗತ್ತಿಸಿ ಮನವಿ ಸಲ್ಲಿಸಿ. ನಿರ್ದಿಷ್ಟ ಬರಹದ ವಿರುದ್ಧದ ದೂರಾದರೆ ಮೊದಲು ಸಂಪಾದಕರಿಗೆ ಬರೆದಿರಬೇಕು. ದಿನಪತ್ರಿಕೆ, ವಾರಪತ್ರಿಕೆಯಾದರೆ ಪ್ರಕಟವಾದ ಎರಡು ತಿಂಗಳೊಳಗೆ, ಉಳಿದವಕ್ಕೆ ನಾಲ್ಕು ತಿಂಗಳೊಳಗೆ ದೂರು ತಲುಪಬೇಕು. ಸಂಪಾದಕರಿಗೆ ಕಳಿಸಿದ ಪತ್ರದ ಅಂಚೆ ರಸೀದಿಯನ್ನು ಜೊತೆಗಿಡಿ.